ಎದುರುಮನೆಯ ಮಾವ್ಶಿಯ ಉಗುರು

ಮೊನ್ನೆ ಬಿಜೈಯ ತರಕಾರಿ ಅಂಗಡಿಯಲ್ಲಿ ಒಂದು ಸೋರೆಕಾಯಿ ಕೈಗೆತ್ತಿಕೊಂಡೆ. ಎಳೆಯದು, ತಿಳಿಹಸುರು, ಮೈಮೇಲೆ ನವಿರು ಇನ್ನೂ ಉದುರಿರಲಿಲ್ಲ. ತಿರುಗಿಸಿ ನೋಡಿದರೆ ತೊಟ್ಟಿನ ಹತ್ತಿರ ಯಾರೋ ಉಗುರು ಊರಿದ ಗುರುತು. ಗಾಯದ ಅಂಚು ಕಂದಿತ್ತು. ಒಳಗಿನಿಂದ ಒಸರಿದ ರಸ ಸಣ್ಣ ಮಣಿಯ ಹಾಗೆ ಒಣಗಿ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಕೆಳಗೆ ಮತ್ತೊಂದು... ಎಷ್ಟು ಜನ ಎತ್ತಿ, ಚುಚ್ಚಿ, ಬೇಡವೆಂದು ಇಟ್ಟು ಹೋಗಿದ್ದರೋ. ಅಂಗಡಿಯವನು ನನ್ನ ಮುಖ ನೋಡಿ, "ಅದು ಬಿಡಿ ಅಮ್ಮ, ಬೇರೆ ಕೊಡ್ತೇನೆ" ಎಂದ. "ಬೇಡ, ಇದೇ ಇರಲಿ" ಎಂದೆ. ಹೇಳುವಾಗ ನನಗರಿವಿಲ್ಲದೆಯೇ ಧ್ವನಿ ಬಿರುಸಾಗಿತ್ತು. ಪಾಪ, ಅವನು ಗಾಬರಿಯಾಗಿ ತಕ್ಕಡಿಯ ಕಡೆ ತಿರುಗಿಕೊಂಡ.

ನಾನು ಸಿಟ್ಟಿನವಳೆಂದು ಯಾರೂ ಹೇಳಲಾರರು. ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಧ್ವನಿ ಏರಿಸಿದ ಹುಡುಗಿಯನ್ನು ಮದರ್ ಮೊಣಕಾಲೂರಿಸಿ ಕೂರಿಸುತ್ತಿದ್ದರು. ಮೆಟ್ಟಿಲು ಇಳಿಯುವಾಗ ಕಾಲಿನ ಸದ್ದು ಕೇಳಿಸಿದರೂ ವಾಪಸು ಹತ್ತಿ ಮತ್ತೆ ಇಳಿಯಬೇಕಿತ್ತು. ಆ ಅಭ್ಯಾಸ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದ ಮೇಲೂ ಹೋಗಲಿಲ್ಲ. "ಅಮ್ಮನಿಗೆ ಬೈಯಲಿಕ್ಕೇ ಬರುದಿಲ್ಲ" ಎಂದು ಮಕ್ಕಳು ನಗುತ್ತಾರೆ. ಬರುತ್ತದೆ. ಒಬ್ಬರನ್ನು ನಾನು ಮನಸ್ಸಿನಲ್ಲೇ ಎಷ್ಟು ವರ್ಷಗಳಿಂದ ಬೈಯುತ್ತಾ ಬಂದಿದ್ದೇನೆ ಎಂದು ಅವರಿಗೆ ತಿಳಿಯದು, ಅಷ್ಟೆ.

ಅವರು ನಮ್ಮ ಎದುರುಮನೆಯ ಮಾವ್ಶಿ. ನಮ್ಮ ಕೊಂಕಣಿಯಲ್ಲಿ ಮಾವ್ಶಿ ಎಂದರೆ ತಾಯಿಯ ತಂಗಿ. ಇವರು ನಮಗೆ ರಕ್ತಸಂಬಂಧವೇನಲ್ಲ, ಆದರೂ ಓಣಿಯ ಮಕ್ಕಳಿಗೆಲ್ಲ ಮಾವ್ಶಿಯೇ. ಗಂಡ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ಬೇಗ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ತವರಿನಿಂದ ಬಂದ ಗದ್ದೆಯಿತ್ತು. ಒಕ್ಕಲಿನವರು ವರ್ಷಕ್ಕೆ ಎರಡು ಸಲ ಗೇಣಿ ಅಕ್ಕಿಯನ್ನು ಹುಲ್ಲಿನಲ್ಲಿ ಕಟ್ಟಿದ ಮುಡಿಗಳನ್ನು ಗಾಡಿಯಲ್ಲಿ ತಂದು ಅವರ ಅಟ್ಟಕ್ಕೆ ಏರಿಸಿ ಹೋಗುತ್ತಿದ್ದರು. ಮಹಾಯುದ್ಧ ಶುರುವಾಗಿ ಬರ್ಮಾದ ಅಕ್ಕಿ ನಿಂತು, ಓಣಿಯ ಉಳಿದ ಮನೆಗಳಲ್ಲಿ ನಾವೆಲ್ಲ ಅಳೆದು ಬೇಯಿಸಿ ಅಳೆದು ಬಡಿಸುತ್ತಿದ್ದಾಗಲೂ ಆ ಅಟ್ಟ ಖಾಲಿಯಾಗಲಿಲ್ಲ. ಆ ಅಟ್ಟದಿಂದಾಗಿ ಅವರ ಮಾತಿಗೆ ಓಣಿಯಲ್ಲಿ ಬೆಲೆಯಿತ್ತು. ಆದರೆ ಅದಕ್ಕಿಂತ ಮೊದಲೇ, ಅದಕ್ಕಿಂತ ಹೆಚ್ಚಾಗಿ, ಅವರ ಕಣ್ಣಿಗೆ ಬೆಲೆಯಿತ್ತು.

ಎಂಥ ಕಣ್ಣು ಅದು! ತಲೆಯ ಮೇಲೆ ತರಕಾರಿಯ ಹೆಡಿಗೆ ಹೊತ್ತು ಬರುವ ಹೆಂಗಸರು ಯಾವ ಮನೆಯೆದುರು ಇಳಿಸಿದರೂ ಮಾವ್ಶಿ ಬಂದು ನೋಡುವವರೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಅವರು ಜಗಲಿಯ ಮೆಟ್ಟಿಲಿನಲ್ಲಿ ಕೂತು, ಸೀರೆಯ ನೆರಿಗೆ ಮೊಣಕಾಲ ನಡುವೆ ಒತ್ತಿಕೊಂಡು, ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಿದ್ದರು. ಪಕ್ಕದಲ್ಲಿ ನಾನು. ನನಗೆ ಆಗ ಹನ್ನೆರಡು ಇರಬೇಕು, ಈಗ ಅರವತ್ತು ದಾಟಿದೆ. ಮಕ್ಕಳಿಲ್ಲದ ಅವರಿಗೆ ನನ್ನ ಮೇಲೆ ಅದೇನೋ ಪ್ರೀತಿ. ನನ್ನ ಜಡೆ ಹಿಂದಕ್ಕೆ ಸರಿಸಿ, ಕೈಗೆ ಬದನೆಕಾಯಿ ಕೊಟ್ಟು, "ಏನು ಕಾಣ್ತದೆ ಹೇಳು ಬಾಯೆ" ಎನ್ನುತ್ತಿದ್ದರು.

"ತೂತು ಉಂಟು."

"ತೂತಿನ ಬಾಯಲ್ಲಿ ಹುಡಿ ಉಂಟಾ?"

"ಉಂಟು."

"ಹಾಗಾದರೆ ಹುಳ ಒಳಗೇ ಊಟ ಮಾಡ್ತಾ ಉಂಟು. ಹುಡಿ ಇಲ್ಲದೆ ಒಣಗಿದ್ದರೆ ಊಟ ಮುಗಿಸಿ ಹೋದ ಅಂತ ಲೆಕ್ಕ. ಎರಡೂ ನಮಗೆ ಬೇಡ."

ಹೀಗೆ ನಾನು ಕಲಿತೆ. ಹೀರೆಕಾಯಿಯ ಒಂದು ತುದಿ ಹಿಡಿದೆತ್ತಿದಾಗ ಮೈ ಬಳುಕಿದರೆ ಕೊಯ್ದು ದಿನವಾಗಿದೆ. ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ ಒಳಗೆ ನಾರು ಬಲಿತಿದೆ. ಅಲಸಂಡೆಯ ಕಾಳು ಸಿಪ್ಪೆಯ ಹೊರಗೆ ಉಬ್ಬಿ ಕಂಡರೆ ಬೇಯಲು ಕಟ್ಟಿಗೆ ದಂಡ. ಹರಿವೆಯ ಎಲೆಯನ್ನು ಮಗುಚಿ ನೋಡಬೇಕು, ಬೆನ್ನಿನಲ್ಲಿ ಬಿಳಿ ಗುಳ್ಳೆಗಳಿದ್ದರೆ ಇಡೀ ಕಟ್ಟನ್ನೇ ಬಿಡಬೇಕು. ಗೆಣಸನ್ನು ಮೂಗಿಗೆ ಹಿಡಿಯಬೇಕು. ಹುಳ ಹೊಕ್ಕ ಗೆಣಸಿಗೆ ಕಹಿಯಾದ ಒಂದು ವಾಸನೆಯಿರುತ್ತದೆ, ಒಮ್ಮೆ ಹಿಡಿದ ಮೂಗು ಅದನ್ನು ಮರೆಯುವುದಿಲ್ಲ. ಕೆಸುವಿನ ಗಡ್ಡೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಬೇಕು. ಸೌತೆಯ ಮೈಯಲ್ಲಿ ಒಂದು ಬದಿ ಹಳದಿ ಮಚ್ಚೆ ಇದ್ದರೆ ಹೆದರಬೇಕಾಗಿಲ್ಲ, ಅದು ನೆಲಕ್ಕೆ ತಾಗಿ ಮಲಗಿದ ಗುರುತು. ನೀರು ಕುಡಿದ ಹಾಗೆ ಕಂಡು, ಒತ್ತಿದರೆ ಕುಸಿಯುವ ಮಚ್ಚೆ ಬೇರೆ, ಅದು ಕೊಳೆ.

"ಕಲೆ ಕಂಡ ಕೂಡಲೇ ಎಸೆಯುವವಳು ದಡ್ಡಿ" ಎನ್ನುತ್ತಿದ್ದರು. "ಕಲೆ ಎಲ್ಲಿಂದ ಬಂತು, ಅದನ್ನು ಮೊದಲು ಕೇಳು. ಬಿಸಿಲಿನದ್ದಾ, ನೆಲದ್ದಾ, ಹುಳದ್ದಾ, ಕೈಯದ್ದಾ?"

ಇಂಥ ಮಾತನ್ನು ಕಲಿಸಿದವರೇ ಆಮೇಲೆ ಅಂಥ ಕೆಲಸ ಮಾಡಿದರಲ್ಲ... ಬರೆಯುವಾಗ ಈಗಲೂ ಪೆನ್ನು ಕಾಗದಕ್ಕೆ ಒತ್ತಿ ಹೋಗುತ್ತದೆ.

ಅವರ ಬಲಗೈ ಹೆಬ್ಬೆರಳಿನ ಉಗುರಿನ ಬಗ್ಗೆ ಹೇಳಬೇಕು. ಉಳಿದ ಉಗುರುಗಳನ್ನು ಅವರು ಶನಿವಾರ ಶನಿವಾರ ಕತ್ತರಿಸಿಕೊಳ್ಳುತ್ತಿದ್ದರು. ಅದೊಂದನ್ನು ಮಾತ್ರ ಬೆಳೆಸಿ, ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ, ಹಲಗೆಯಂತೆ ಚಪ್ಪಟೆ ಮಾಡಿ ಇಟ್ಟುಕೊಂಡಿದ್ದರು. ಸೋರೆ ಎಳತೋ ಬಲಿತದ್ದೋ ನೋಡಲು ಅದನ್ನು ಊರುತ್ತಿದ್ದರು. ಬೆಂಡೆಯ ತುದಿ ಪಟ್ಟೆಂದು ಮುರಿಯುತ್ತದೋ ಇಲ್ಲವೋ ಎಂದು ಮುರಿದೇ ನೋಡುತ್ತಿದ್ದರು. ಎಲ್ಲರೂ ಒಂದೆರಡು ಬೆಂಡೆಯ ತುದಿ ಮುರಿದು ನೋಡುವವರೇ. ಮಾವ್ಶಿ ಮುರಿದದ್ದನ್ನೂ ಮುರಿಯದ್ದನ್ನೂ ಸೇರಿಸಿ ತಮಗೆ ಬೇಕಾದಷ್ಟು ಆರಿಸಿಕೊಂಡು, ಉಳಿದ ಗಾಯದ ಕಾಯಿಗಳನ್ನು ಹೆಡಿಗೆಯಲ್ಲೇ ಬಿಡುತ್ತಿದ್ದರು. ಮಾರುವವಳು ಮುಂದಿನ ಓಣಿಗೆ ಹೋಗುವಷ್ಟರಲ್ಲಿ ಆ ಗಾಯಗಳು ಕಪ್ಪಾಗುತ್ತಿದ್ದವು.

ಮಾವ್ಶಿಗೆ ಚುಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಅವರ ಪಕ್ಕ ಕೂತವಳು ನಾನು, ನನಗೆ ಗೊತ್ತು. ಸೋರೆಯ ಮೇಲೆ ಕೈಯಾಡಿಸಿ, ನವಿರು ತಾಗಿದರೆ ಸಾಕು, ಕಣ್ಣು ಮುಚ್ಚಿಯೂ ಹೇಳಬಲ್ಲವರು. ಹೇಳಿಯಾದ ಮೇಲೆ ಉಗುರು ಊರುತ್ತಿದ್ದರು.

ನಮ್ಮ ಓಣಿಗೆ ಬರುತ್ತಿದ್ದವರಲ್ಲಿ ಒಬ್ಬಳು ಪಣಂಬೂರಿನವಳು. ಈಗ ಹಡಗುಕಟ್ಟೆ, ಗೊಬ್ಬರದ ಕಾರ್ಖಾನೆ ಎಲ್ಲ ಇರುವ ಆ ಜಾಗ ಆಗ ಬರೀ ಹೊಯಿಗೆ, ಕಡಲ ಮರಳು. ಹೊಯಿಗೆಯಲ್ಲಿ ಗುಂಡಿ ತೋಡಿ, ಕೊಡದಲ್ಲಿ ನೀರು ಹೊತ್ತು, ಮೀನಿನ ಗೊಬ್ಬರ ಹಾಕಿ ಬೆಳೆಸಿದ ತರಕಾರಿಗೆ ಬೇರೆಯೇ ಒಂದು ರುಚಿ. ಅವಳು ಬೆಳಗಿಗೆ ಮುಂಚೆ ಹೊರಟು, ಹೊಳೆಯನ್ನು ದೋಣಿಯಲ್ಲಿ ದಾಟಿ, ಕುದ್ರೋಳಿಯಲ್ಲಿ ಅಷ್ಟಿಷ್ಟು ಮಾರಿಕೊಂಡು ನಮ್ಮ ಓಣಿಗೆ ಬರುವಾಗ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿರುತ್ತಿತ್ತು. ಬಸಳೆಯ ಕಟ್ಟನ್ನು ಹೆಡಿಗೆಯ ಮೇಲೆ ಮಾಲೆಯ ಹಾಗೆ ಸುತ್ತಿ ತರುತ್ತಿದ್ದಳಾದ್ದರಿಂದ ನಮಗೆಲ್ಲ ಬಸಳೆಯಕ್ಕ. ಎಲೆಯಡಿಕೆಯಲ್ಲಿ ಕೆಂಪಾದ ಬಾಯಿ. ತಮಾಷೆಯವಳು. ಅವಳು ತುಳುವಿನಲ್ಲಿ ಒಂದು ಮಾತು ಹಾರಿಸಿದರೆ ಓಣಿಯ ಹೆಂಗಸರು ಕೆಲಸ ಬಿಟ್ಟು ಗೇಟಿಗೆ ಬರುತ್ತಿದ್ದರು.

ಆ ವರ್ಷ ಮೊಂತಿ ಹಬ್ಬಕ್ಕೆ ಒಂದು ವಾರವಿತ್ತು. ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು, ಬಾಳೆಯೆಲೆಯಲ್ಲಿ ಬರೀ ತರಕಾರಿಯ ಊಟ. ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸಸಂಖ್ಯೆಯ ತರಕಾರಿ ಆಗಬೇಕು. ಮೀನಿಲ್ಲದೆ ತುತ್ತೆತ್ತದ ನಮ್ಮ ಜನ ವರ್ಷದಲ್ಲಿ ಆ ಒಂದು ದಿನ ಬೆಂಡೆಗೂ ಹೀರೆಗೂ ಗೌರವ ಕೊಡುತ್ತಾರೆ. ನಮ್ಮವರ ಓಣಿಗಳಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹಬ್ಬದ ತರಕಾರಿ ಗಾಯವಿಲ್ಲದ್ದು ಆಗಬೇಕು. ತೆನೆಯ ಜೊತೆ ಬಡಿಸುವುದಕ್ಕೆ ಕಲೆ ಇರಬಾರದು.

ಬಸಳೆಯಕ್ಕ ಮಾವ್ಶಿಯ ಎದುರು ಹೆಡಿಗೆ ಇಳಿಸಿ, ಸಿಂಬೆ ಬಿಚ್ಚಿ ಬೆವರು ಒರೆಸಿಕೊಂಡು ಹೇಳಿದಳು: "ಬಾಯಮ್ಮ, ಹಬ್ಬಕ್ಕೆ ನಾನೇ ತುಂಬಿಸಿ ತರ್ತೇನೆ. ಹಣ ಬೇಡ. ಅಕ್ಕಿ ಕೊಡಿ. ಮಗಳು ಹೆತ್ತಿದ್ದಾಳೆ. ಗೆಣಸು ತಿಂದು ತಿಂದು ಎದೆಯಲ್ಲಿ ಹಾಲೇ ಇಲ್ಲ. ಮಗು ರಾತ್ರೆಯಿಡೀ ಅಳ್ತದೆ. ಒಳ್ಳೇ ಗಂಜಿ ನಾಲ್ಕು ದಿನ ಹೊಟ್ಟೆಗೆ ಬಿದ್ದರೆ ಹಾಲು ಇಳಿದೀತು."

ಮಾವ್ಶಿ ಒಪ್ಪಿದರು. ಒಂದು ಹೆಡಿಗೆ ತರಕಾರಿಗೆ ನಾಲ್ಕು ಸೇರು ಕುಚ್ಚಲಕ್ಕಿ, ಒಳ್ಳೆಯದೇ, ಎಂದು ಅವರೇ ಹೇಳಿದರು. ಅಲ್ಲಿಗೆ ಎಲ್ಲ ಸರಿಯಿತ್ತು. ಆಮೇಲೆ ಅವರು ಅಭ್ಯಾಸದಂತೆ ಬೆಂಡೆಯ ತುದಿ ಮುರಿಯತೊಡಗಿದರು. ಒಂದು, ಎರಡು, ಮೂರು... ಬಸಳೆಯಕ್ಕ ನೋಡಿ ನೋಡಿ, ಸೊಂಟಕ್ಕೆ ಕೈಯಿಟ್ಟು ಅಂದಳು:

"ಅಯ್ಯೋ ಬಾಯಮ್ಮ, ನಿಮ್ಮ ಉಗುರು ತಾಗಿದ ಮೇಲೆ ನನ್ನ ಬೆಂಡೆಗೆ ಬೇರೆ ಸಂಬಂಧ ಕೂಡಿ ಬರುದಿಲ್ಲ. ಮುಟ್ಟಿದ್ದನ್ನೆಲ್ಲ ನೀವೇ ಮನೆ ತುಂಬಿಸಿಕೊಳ್ಳಬೇಕು!"

ಓಣಿಯೇ ನಕ್ಕಿತು. ಮೂಲೆಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಗೇಟಿಗೆ ಒರಗಿದರು. ನನ್ನ ಅಮ್ಮನೂ ನಕ್ಕರು. ಮಾವ್ಶಿ ನಗಲಿಲ್ಲ. ಅವರ ಕಿವಿಯ ಹಾಲೆ ಕೆಂಪಾದದ್ದನ್ನು ನಾನು ನೋಡಿದೆ. ಕೈಯಲ್ಲಿದ್ದ ಬೆಂಡೆಯನ್ನು ಮೆಲ್ಲಗೆ ಕೆಳಗಿಟ್ಟು, "ನಿನಗೆ ಬಾಯಿ ಸ್ವಲ್ಪ ಜಾಸ್ತಿಯಾಯ್ತು ಮಾರಾಯ್ತಿ" ಎಂದರು, ಅಷ್ಟೆ. ಬೇಕಾದದ್ದು ತೆಗೆದುಕೊಂಡರು. ಎದ್ದು ಒಳಗೆ ಹೋದರು.

ಹಬ್ಬದ ಹಿಂದಿನ ದಿನ ನಮಗೆ ಶಾಲೆಗೆ ರಜೆ. ಬಸಳೆಯಕ್ಕ ಬಂದಾಗ ಹೆಡಿಗೆಯ ಭಾರಕ್ಕೆ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಇಳಿಸಲು ಅಮ್ಮ ಕೈಕೊಟ್ಟರು. ಬಾಳೆಯೆಲೆ ಸರಿಸಿದ ಮೇಲೆ ನಾವು ಮಕ್ಕಳು ಹೋ ಎಂದೆವು. ಹೀರೆ, ಸೋರೆ, ಬೆಂಡೆ, ತೊಂಡೆ, ಅಲಸಂಡೆ, ಮುಳ್ಳುಸೌತೆ, ಕೆಂಪು ಹರಿವೆ. ಅಂದೇ ಬೆಳಿಗ್ಗೆ ಕೊಯ್ದದ್ದು. ಬೆಂಡೆಯ ತೊಟ್ಟು ಇನ್ನೂ ಒದ್ದೆ. ಒಂದರ ಮೇಲೊಂದು ಉಜ್ಜಿ ಗಾಯವಾಗದಂತೆ ನಡುನಡುವೆ ಎಲೆಯ ತುಂಡು ಇಟ್ಟಿದ್ದಳು. ಮಾವ್ಶಿ ಕಲಿಸಿದ್ದನ್ನೆಲ್ಲ ನೆನಪಿಗೆ ತಂದುಕೊಂಡು ನಾನೂ ಮನಸ್ಸಿನಲ್ಲೇ ಒಂದೊಂದನ್ನು ಪರೀಕ್ಷೆ ಮಾಡಿದೆ. ಹುಳವಿಲ್ಲ, ಕೊಳೆಯಿಲ್ಲ, ಬಲಿತದ್ದಿಲ್ಲ, ಬಾಡಿದ್ದಿಲ್ಲ. ಅಂಥ ಹೆಡಿಗೆಯನ್ನು ಆಮೇಲೆ ನಾನು ನೋಡಿಲ್ಲ.

ಮಾವ್ಶಿ ಬಂದು ಕೂತರು. ಹೆಂಗಸರೆಲ್ಲ ಸುತ್ತ ನಿಂತಿದ್ದರು, ಅವರದಾದ ಮೇಲೆ ಉಳಿದದ್ದನ್ನು ಕೊಳ್ಳಬೇಕೆಂದು. ಮಾವ್ಶಿ ಸೋರೆ ಎತ್ತಿದರು. ಉಗುರು ಊರಿದರು. ತಿರುಗಿಸಿ ಮತ್ತೊಮ್ಮೆ ಊರಿದರು. ಇಟ್ಟರು. ಇನ್ನೊಂದನ್ನು ಎತ್ತಿದರು. ಹೀರೆಯ ಏಣಿನ ನಡುವೆ ಉಗುರು ಇಳಿಸಿ ಉದ್ದಕ್ಕೆ ಎಳೆದರು. ತೊಂಡೆಯನ್ನು ಒತ್ತಿ ಸೀಳಿದರು. ಅಲಸಂಡೆಯನ್ನು ನಡುವಿಗೇ ಮುರಿದರು. ಮುಳ್ಳುಸೌತೆಯ ತುದಿ ಕಚ್ಚಿ ಪಕ್ಕಕ್ಕೆ ಉಗಿದರು. ಬೆಂಡೆ... ಬೆಂಡೆಯನ್ನು ಒಂದನ್ನೂ ಬಿಡಲಿಲ್ಲ. ಪಟ್, ಪಟ್, ಪಟ್ ಎಂದು ತುದಿಗಳು ಮೆಟ್ಟಿಲ ಕೆಳಗೆ ಬೀಳುತ್ತಿದ್ದವು. ಒಂದೊಂದೂ ಗರಿಗರಿಯಾಗಿ ಮುರಿಯಿತು. ಮುರಿದ ಸದ್ದೇ ಹೇಳುತ್ತಿತ್ತು, ಅದರಲ್ಲಿ ದೋಷವಿಲ್ಲವೆಂದು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಜಪಸರ ಎಣಿಸುವಾಗ ಇರುತ್ತದಲ್ಲ, ಅಂಥ ಶಾಂತ ಮುಖ.

ಬಸಳೆಯಕ್ಕ ಮೊದಲು ನಗುತ್ತಲೇ ಇದ್ದಳು. ಆಮೇಲೆ ನಗು ನಿಂತಿತು. "ಸಾಕು ಬಾಯಮ್ಮ" ಎಂದಳು. "ಎಲ್ಲ ನಿಮಗೇ ತಂದದ್ದಲ್ವಾ, ಯಾಕೆ ಅಷ್ಟು ನೋಡ್ತೀರಿ?"

ಮಾವ್ಶಿ ಕೈ ಒರೆಸಿಕೊಂಡು ಎದ್ದರು. "ನನಗೆ ಬೇಡ."

"ಎಂತ?"

"ಬೇಡ ಅಂದೆ. ಹಬ್ಬಕ್ಕೆ ಆಗುವಂಥದ್ದಲ್ಲ."

"ಎಂತ ದೋಷ ಉಂಟು? ತೋರಿಸಿ ಬಾಯಮ್ಮ. ಒಂದು ತೋರಿಸಿ."

ಮಾವ್ಶಿ ಬಗ್ಗಿ ಒಂದು ಸೋರೆಯನ್ನು ಎತ್ತಿ, ತಾವೇ ಆಗಷ್ಟೇ ಊರಿದ ಉಗುರಿನ ಗುರುತಿಗೆ ಬೆರಳಿಟ್ಟರು. "ಇದೆಂತ? ಕಲೆ ಅಲ್ವಾ ಇದು? ನಾಳೆ ತೆನೆಯ ಜೊತೆ ಇದನ್ನು ಬಡಿಸುದಾ?"

ಸುತ್ತ ನಿಂತವರು ಒಬ್ಬರಾದರೂ ಮಾತಾಡಬೇಕಿತ್ತು. ಎಲ್ಲರೂ ನೋಡಿದವರೇ. ಆದರೆ ಒಂದಲ್ಲ ಒಂದು ದಿನ ಪ್ರತಿಯೊಬ್ಬರೂ ಆ ಅಟ್ಟದ ಅಕ್ಕಿಗಾಗಿ ಪಾತ್ರೆ ಹಿಡಿದು ಹೋಗಬೇಕಾದವರು. ಒಬ್ಬರು ತಮ್ಮ ಮಗುವಿನ ಮೂಗು ಒರೆಸಿದರು. ಇನ್ನೊಬ್ಬರು ಗೇಟಿನ ಚಿಲಕ ತೆಗೆದು ಹಾಕಿ ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಮಾವ್ಶಿ, ಅದು ನಿಮ್ಮ ಉಗುರಿನದ್ದು" ಎಂದೆ. "ಕೈಯ ಕಲೆ. ನೀವೇ ಹೇಳಿದ್ದಲ್ವಾ, ಎಲ್ಲಿಂದ ಬಂತು ಅಂತ ಕೇಳಬೇಕು ಅಂತ?"

ಅವರು ನನ್ನ ಕಡೆ ನೋಡಲೂ ಇಲ್ಲ. ಅಮ್ಮನ ಕಡೆ ತಿರುಗಿ, "ಕಾನ್ವೆಂಟಿಗೆ ಕಳಿಸುದು ಇದಕ್ಕಾ? ಹಿರಿಯರಿಗೆ ಎದುರುತ್ತರ ಕಲಿಯಲಿಕ್ಕಾ?" ಎಂದರು. ಅಮ್ಮ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಆದರೆ ಆ ಹಿಡಿತದಲ್ಲಿ ಗದರಿಕೆ ಇರಲಿಲ್ಲ.

ಬಸಳೆಯಕ್ಕ ಮೆಟ್ಟಿಲ ಕೆಳಗೆ ಬಿದ್ದಿದ್ದ ಬೆಂಡೆಯ ತುದಿಗಳನ್ನು ನೋಡುತ್ತಾ ನಿಂತಿದ್ದಳು. ಗಾಯದ ತರಕಾರಿಯನ್ನು ಹಬ್ಬದ ಹಿಂದಿನ ದಿನ ನಮ್ಮವರ ಯಾವ ಓಣಿಯಲ್ಲೂ ಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಾವ್ಶಿಗೂ ಗೊತ್ತಿತ್ತು. "ನನ್ನ ಬಾಯಿ ತಪ್ಪಿತು ಬಾಯಮ್ಮ" ಎಂದಳು ಕೊನೆಗೆ. "ಆ ದಿನ ಹಾಗೆ ಹೇಳಬಾರದಿತ್ತು. ಮಗಳನ್ನು ನೋಡಿ ಆದರೂ..."

"ಅದೆಲ್ಲ ನನಗೆ ಯಾಕೆ? ನಾನು ತರಕಾರಿ ನೋಡಿದ್ದು."

ಅವಳು ಒಬ್ಬಳೇ ಹೆಡಿಗೆ ಎತ್ತಿ ತಲೆಗಿಟ್ಟುಕೊಂಡಳು. ಯಾರಿಂದಲೂ ಕೈ ಬೇಡವೆಂಬಂತೆ, ಒಂದು ಮೊಣಕಾಲೂರಿ, ಹಲ್ಲು ಕಚ್ಚಿ. ಓಣಿಯ ತಿರುವಿನವರೆಗೆ ಹೋಗಿರಬೇಕು, ಆಗ ಮಾವ್ಶಿ ಗೇಟಿನಿಂದ ಕರೆದರು: "ಏ, ಬಾ ಇಲ್ಲಿ. ಅಷ್ಟು ದೂರ ಹೊತ್ತುಕೊಂಡು ಹೋಗಿ ಎಂತ ಮಾಡ್ತಿ? ಒಂದು ಸೇರು ನುಚ್ಚು ಕೊಡ್ತೇನೆ. ಹಾಕಿ ಹೋಗು."

ಕರೆಯಬೇಕೆಂದು ಅವರ ಮನಸ್ಸಿನಲ್ಲಿ ಮೊದಲೇ ಇತ್ತು. ಅವಳು ತಿರುವಿನವರೆಗೆ ನಡೆಯಬೇಕಿತ್ತು, ಅಷ್ಟಕ್ಕೆ ಕಾದದ್ದು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸಿಟ್ಟಿನ ಭರದಲ್ಲಿ ಮಾಡಿದ್ದೆಂದರೆ ಕ್ಷಮಿಸಬಹುದು. ಇದು ಅಳೆದು ಮಾಡಿದ್ದು.

ಬಸಳೆಯಕ್ಕ ವಾಪಸು ಬಂದಳು. ಬರದೆ ಎಂತ ಮಾಡುವುದು? ಮನೆಯಲ್ಲಿ ಹೆತ್ತ ಮಗಳಿದ್ದಳು. ಹೆಡಿಗೆಯನ್ನು ಮಾವ್ಶಿಯ ಅಡುಗೆಮನೆಯ ನೆಲಕ್ಕೆ ಸುರಿದು, ನುಚ್ಚನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಒಳ್ಳೆಯ ನುಚ್ಚೂ ಅಲ್ಲ, ಮೊರದಲ್ಲಿ ಗೇರಿ ಕೋಳಿಗೆಂದು ತೆಗೆದಿಟ್ಟ ನುಚ್ಚು. ಅವಳು ನಮ್ಮ ಗೇಟಿನೆದುರು ಗಂಟು ಸರಿಮಾಡಿಕೊಳ್ಳುವಾಗ ಅದರಲ್ಲಿದ್ದ ಕಲ್ಲು ನಮಗೆ ಕಂಡಿತು. ಅಮ್ಮ ಒಳಗೆ ಓಡಿ, ಡಬ್ಬದ ತಳದಲ್ಲಿದ್ದ ಅಕ್ಕಿಯನ್ನು ಪಾವಿಗೆ ಗೋರಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ತಿರುವು ದಾಟಿಬಿಟ್ಟಿದ್ದಳು. ಅಮ್ಮ ಬರಿಗಾಲಲ್ಲಿ ರಸ್ತೆಯವರೆಗೆ ಹೋಗಿ ನೋಡಿ ಬಂದರು. ಪಾವಿನಲ್ಲಿದ್ದ ಅಕ್ಕಿ ಹಾಗೆಯೇ ಇತ್ತು.

ಮರುದಿನ ಹಬ್ಬ. ಇಗರ್ಜಿಯಲ್ಲಿ ನಾವು ಹುಡುಗಿಯರು ಮರಿಯಮ್ಮನಿಗೆ ಹೂವು ಹಾಕಿ ಹಾಡಿದೆವು. ಮಾವ್ಶಿ ಮುಂದಿನ ಸಾಲಿನಲ್ಲಿ, ಕಪ್ಪಂಚಿನ ಬಿಳಿ ಸೀರೆಯಲ್ಲಿ, ಕೈಯಲ್ಲಿ ತೆನೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಮಧ್ಯಾಹ್ನ ಅವರ ಮನೆಯಿಂದ ಪ್ರತಿವರ್ಷದಂತೆ ಓಣಿಯ ಎಲ್ಲ ಮನೆಗೂ ಒಂದೊಂದು ಪಾತ್ರೆ ಪದಾರ್ಥ ಬಂತು. ತೆಂಗಿನಕಾಯಿ ಹಾಕಿದ ಹೀರೆ, ಬೆಂಡೆಯ ಹುಳಿ, ಸೋರೆಯ ಪಲ್ಯ... ಬೆಂದ ಮೇಲೆ ಉಗುರಿನ ಗುರುತು ಎಲ್ಲಿ ಕಾಣುತ್ತದೆ? ಮೂಲೆಮನೆಯವರು ಗೇಟಿನಲ್ಲಿ ನಿಂತು, "ಈ ಸಲ ಬೆಂಡೆ ಬೆಣ್ಣೆಯ ಹಾಗೆ ಉಂಟು!" ಎಂದು ಕೂಗಿ ಹೇಳಿದರು. ಮಾವ್ಶಿಯ ನಗು ನಮ್ಮ ಚಾವಡಿಯವರೆಗೆ ಕೇಳಿಸಿತು.

ನಮ್ಮ ಮನೆಯಲ್ಲಿ ಅಮ್ಮ ಆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಊಟಕ್ಕೆ ಬಡಿಸಲಿಲ್ಲ. ಅನ್ನದ ಒಂದು ಅಗುಳು ಚೆಲ್ಲಿದರೂ ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಕಾಲ ಅದು. ಅಮ್ಮ ಪಾತ್ರೆಯನ್ನು ಹಿತ್ತಲಿಗೆ ಒಯ್ದು, ಬಾಳೆಯ ಬುಡದಲ್ಲಿ ಬಗ್ಗಿ ಪೂರ್ತಿ ಸುರಿದರು. ಆಮೇಲೆ ಬೂದಿ ಹಾಕಿ, ಹೊಳೆಯುವ ಹಾಗೆ ತಿಕ್ಕಿ, ತಾವೇ ಹೋಗಿ ಕೊಟ್ಟು ಬಂದರು. "ಊಟ ಆಯ್ತಾ?" ಎಂದು ಮಾವ್ಶಿ ಕೇಳಿದರಂತೆ. "ಆಯ್ತು" ಎಂದರಂತೆ ಅಮ್ಮ. ನನ್ನ ಅಮ್ಮ ಮಾಡಿದ ಜಗಳ ಅಷ್ಟೇ. ಅದು ಜಗಳವೆಂದು ಮಾವ್ಶಿಗೆ ಗೊತ್ತೂ ಆಗಲಿಲ್ಲ.

ಬಸಳೆಯಕ್ಕ ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಅಮ್ಮ ಬೇರೆ ತರಕಾರಿಯವರಲ್ಲಿ ಕೇಳಿದರು. ಪಣಂಬೂರಿನಿಂದ ಬರುವವರು ಕಡಿಮೆ. ಒಬ್ಬಳು, "ಯಾವುದೋ ಬಾಣಂತಿ ತೀರಿಕೊಂಡಳು ಅಂತ ಕೇಳಿದ್ದೆ, ಯಾರ ಮನೆಯದ್ದೋ ಗೊತ್ತಿಲ್ಲ" ಎಂದಳು. ಇನ್ನೊಬ್ಬಳು ಹಾಗೇನೂ ಇಲ್ಲವೆಂದಳು. ಆ ಮಾತು ಅಲ್ಲಿಗೇ ನಿಂತಿತು...

ಮದುವೆಯಾಗಿ ನಾನು ಬೇರೆ ಕಡೆ ಹೋದೆ. ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಮಾವ್ಶಿ ಮುದುಕಿಯಾಗಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಮಾತ್ರ ಕಾಣುತ್ತಿತ್ತು. ಆದರೂ ಹೆಡಿಗೆ ಬಂದರೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕೂರುತ್ತಿದ್ದರಂತೆ. ಓಣಿಯವರು ಅವರ ಕೈಗೊಂದು ಕಾಯಿ ಕೊಡುತ್ತಿದ್ದರಂತೆ. ನಾನು ನೋಡಲು ಹೋದೆ. ನನ್ನ ಮಗುವಿನ ಮೈಯೆಲ್ಲ ಸವರಿ, "ಹಾಲು ಸಾಕಾಗ್ತದಾ ಬಾಯೆ? ಮೆಂತೆ ಗಂಜಿ ತಿನ್ನು, ಸಂಕೋಚ ಮಾಡಬೇಡ. ಅಕ್ಕಿ ಬೇಕಾದರೆ ಇಲ್ಲಿಂದ ತೆಕ್ಕೊಂಡು ಹೋಗು" ಎಂದರು. ಎಷ್ಟು ಪ್ರೀತಿಯಿಂದ ಹೇಳಿದರು! ನಾನು ಮಗುವನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

"ಮಾವ್ಶಿ, ಬಸಳೆಯಕ್ಕನ ನೆನಪು ಉಂಟಾ?" ಎಂದು ಕೇಳಿದೆ.

"ಯಾವ ಬಸಳೆ?"

"ಪಣಂಬೂರಿನವಳು. ಮೊಂತಿ ಹಬ್ಬಕ್ಕೆ ಹೆಡಿಗೆ ತುಂಬ ತಂದಿದ್ದಳು. ನೀವು ನುಚ್ಚು ಕೊಟ್ಟು ಕಳಿಸಿದಿರಿ."

ಅವರ ಮುಖ ಅರಳಿತು. "ಹೋ, ಆ ವರ್ಷದ ಬೆಂಡೆ! ಅದು ನೆನಪುಂಟು. ಅಂಥ ಬೆಂಡೆ ಆಮೇಲೆ ಬರಲೇ ಇಲ್ಲ. ಒಂದರಲ್ಲೂ ಹುಳ ಇರಲಿಲ್ಲ ನೋಡು." ತಂದವಳು ಮಾತ್ರ ಎಷ್ಟು ಹೇಳಿದರೂ ನೆನಪಿಗೆ ಬರಲಿಲ್ಲ. ನಟಿಸುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದರು.

ನಾನು ಮಗುವನ್ನು ಎತ್ತಿಕೊಂಡು ಎದ್ದುಬಂದೆ. ಕೂಗಿ ಹೇಳಬೇಕೆಂದಿದ್ದ ಮಾತೆಲ್ಲ ಹಾಗೆಯೇ ಉಳಿಯಿತು. ಮರೆತವರ ಮೇಲೆ ಕೂಗುವುದು ಹೇಗೆ? ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ಅಮ್ಮ ಹೇಳಿ ಕಳಿಸಿದರು. ಆ ದಿನ ನಾನು ಅತ್ತೆ. ಬದನೆಯ ಹುಡಿ ತೋರಿಸಿಕೊಟ್ಟವರು, ಜಡೆ ಸರಿಸಿದವರು... ಅಳುತ್ತಾ ಅಳುತ್ತಾ ಬೈದೆ. ಈಗಲೂ ತರಕಾರಿಯ ಎದುರು ನಿಂತರೆ ನನ್ನ ಕೈ ಓಡಾಡುವುದು ಅವರು ಕಲಿಸಿದ ಹಾಗೆಯೇ. ಬೈಯೋಣವೆಂದರೆ ಅವರಿಲ್ಲ. ಕಲಿತದ್ದನ್ನು ವಾಪಸು ಕೊಡೋಣವೆಂದರೆ ಅದೂ ಆಗುವುದಿಲ್ಲ.

ಇನ್ನೊಂದು ಅಭ್ಯಾಸ ನನಗೆ ಅಂಟಿಕೊಂಡಿದೆ. ಪಣಂಬೂರಿನ ಕಡೆಯವರು, ಐವತ್ತರ ಆಸುಪಾಸಿನವರು, ಯಾರು ಸಿಕ್ಕಿದರೂ ಮಾತಾಡಿಸುತ್ತೇನೆ. ಆ ಮಗು ಬದುಕಿದ್ದರೆ ಅಷ್ಟೇ ವಯಸ್ಸಾಗಿರಬೇಕು. ಕಳೆದ ತಿಂಗಳು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಪಕ್ಕದಲ್ಲಿ ಒಬ್ಬಳು ಕೂತಿದ್ದಳು. ಕೇಳಿದೆ.

"ಪಣಂಬೂರಾ? ಈಗ ಅಲ್ಲಿ ನಮ್ಮದೆಂತ ಉಂಟು ಅಮ್ಮ?" ಎಂದಳು. "ಎಲ್ಲ ಬಂದರಿಗೆ ಹೋಯ್ತು. ಒಬ್ಬೊಬ್ಬರು ಒಂದೊಂದು ಕಡೆ."

"ನಿಮ್ಮ ಅಜ್ಜಿ ಪೇಟೆಗೆ ತರಕಾರಿ ತರ್ತಿದ್ದರಾ?"

ಅವಳು ನಕ್ಕಳು. "ಆಗ ಅಲ್ಲಿ ಎಲ್ಲರ ಅಜ್ಜಿಯೂ ತರಕಾರಿ ಹೊತ್ತದ್ದೇ ಅಲ್ವಾ? ನಿಮಗೆ ಗುರುತಿನವರು ಯಾರಾದರೂ ಇದ್ದರಾ? ಹೆಸರು ಹೇಳಿ, ನಮ್ಮ ದೊಡ್ಡಮ್ಮ ಇದ್ದಾರೆ, ಕೇಳಿ ನೋಡ್ತೇನೆ."

ನಾನು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು. ವರ್ಷಗಟ್ಟಲೆ ನಮ್ಮ ಮೆಟ್ಟಿಲಲ್ಲಿ ಹೆಡಿಗೆ ಇಳಿಸಿದವಳ ಹೆಸರನ್ನು ನಮ್ಮ ಓಣಿಯಲ್ಲಿ ನಾನೂ ಸೇರಿ ಒಬ್ಬರೂ ಕೇಳಿ ತಿಳಿದಿರಲಿಲ್ಲ. ಅವಳ ಬಸ್ಸು ಬಂತು.